ಹುಬ್ಬಳ್ಳಿಯಲ್ಲಿ ಇಲ್ಲದ ಒಂದು ಮೈಲಿ

ಉಪ್ಪಿನಬೆಟಗೇರಿಯಿಂದ ಧಾರವಾಡಕ್ಕೆ ಹೊರಡುವ ಮೊದಲ ಬಸ್ಸಿನಲ್ಲಿ ಅಪ್ಪ ಮತ್ತು ನಾನು ಡ್ರೈವರನ ಹಿಂದಿನ ಸೀಟಿನಲ್ಲಿ ಕೂತೆವು. ಅರವತ್ತರ ದಶಕದ ನಡುವಿನ ಒಂದು ಡಿಸೆಂಬರ್. ನನಗೆ ಹದಿನಾರು ವರ್ಷ, ಹತ್ತನೇ ಇಯತ್ತೆ. ಕಿಟಕಿಗೆ ಗಾಜಿರಲಿಲ್ಲ, ಥಂಡಿ ಗಾಳಿಗೆ ಕಿವಿ ಮರಗಟ್ಟಿದ್ದವು. ಮರುದಿನ ಹುಬ್ಬಳ್ಳಿಯಲ್ಲಿ ಸಾಲೆಗಳ ಕ್ರೀಡಾಕೂಟ. ಒಂದು ಮೈಲಿಯ ಓಟಕ್ಕೆಂದು ನಾನು ಹೊರಟಿದ್ದೆ.

ಅಪ್ಪ ಊರಿನ ಸಾಲೆಯಲ್ಲಿ ಮಾಸ್ತರ. ಕೆರೆಯ ಸುತ್ತಲಿನ ದಾರಿಯನ್ನು ಹಗ್ಗದಿಂದ ಅಳೆದು, ಎಷ್ಟು ಸುತ್ತಿಗೆ ಒಂದು ಮೈಲಿ ಎಂದು ಲೆಕ್ಕ ಹಾಕಿದವನು ಅವನೇ. ನಾಲ್ಕು ತಿಂಗಳು ನಾನು ಅಲ್ಲಿ ಬರಿಗಾಲಲ್ಲಿ ಓಡಿದೆ. ನೀರಿಗೆ ಬಂದ ಹೆಂಗಸರು ಮೊದಮೊದಲು ನಕ್ಕರು, ಆಮೇಲೆ ತಾವಾಗಿಯೇ ದಾರಿ ಬಿಡತೊಡಗಿದರು.

ಧಾರವಾಡದಲ್ಲಿ ಇಳಿದು ಚುರಮರಿ ಒಗ್ಗರಣೆ, ಮಿರ್ಚಿ ಭಜಿ ತಿಂದು ಹುಬ್ಬಳ್ಳಿಯ ಬಸ್ಸು ಹಿಡಿದೆವು. ಹನ್ನೆರಡು ಮೈಲಿಯ ದಾರಿ. ರಾಯಾಪುರದ ಹತ್ತಿರ ಎಂಜಿನ್ನಿಗೆ ನೀರು ಹಾಕಲು ನಿಲ್ಲಿಸಿದಾಗ, ಇಳಿದು ಕಾಲು ಸಡಿಲ ಮಾಡಿಕೊ ಎಂದ ಅಪ್ಪ. ದಾರಿಯುದ್ದಕ್ಕೂ ಅವನು ಆಡಿದ ಮಾತು ಅದೊಂದೇ. ನನಗೆ ಅದು ವಿಚಿತ್ರ ಅನ್ನಿಸಲಿಲ್ಲ.

ಆ ರಾತ್ರಿ ಗೋಪನಕೊಪ್ಪದಲ್ಲಿ ಅತ್ತೆಯ ಮನೆ. ಅಪ್ಪನ ತಂಗಿ, ಸರಕಾರಿ ದವಾಖಾನೆಯಲ್ಲಿ ನರ್ಸು. ಬುದ್ಧನ ಪಟದ ಕೆಳಗೆ ನಮ್ಮನ್ನು ಕೂಡಿಸಿ ರೊಟ್ಟಿ, ಹೆಸರುಕಾಳು ಪಲ್ಯ ಬಡಿಸಿದಳು. ಓಡುವಾಗ ಕಾಲಿಗೆ ತೊಡರದಂತೆ ನನ್ನ ಲಂಗವನ್ನು ಮಡಿಚಿ ಹೊಲಿದಳು.

ಬೆಳಿಗ್ಗೆ ಮೈದಾನದ ಬಾಗಿಲಲ್ಲೇ ಕರಿಹಲಗೆ ಇಟ್ಟಿದ್ದರು. ಬಾಲಕಿಯರಿಗೆ ನೂರು ಗಜದ ಓಟ, ಉದ್ದ ಜಿಗಿತ, ಲಿಂಬೆಹಣ್ಣು-ಚಮಚ. ಮೈಲಿಯ ಓಟ ಬಾಲಕರ ಸಾಲಿನಲ್ಲಿ ಮಾತ್ರ ಇತ್ತು. ಮೂರು ಸಲ ಓದಿದೆ. 

ಮೇಜಿನ ಹಿಂದೆ ಕೂತಿದ್ದ, ಓಟಗಳ ತೀರ್ಪು ಕೊಡುವ ಹಿರಿಯ ಪಂಚರನ್ನು ಕೇಳಿದೆವು. ಹೆಣ್ಣುಮಕ್ಕಳ ಶರೀರ ಅಷ್ಟು ದೂರ ತಡೆಯುವುದಿಲ್ಲ, ನಿಯಮವೇ ಹಾಗಿದೆ, ನಿಮ್ಮ ಸಾಲೆಗೆ ಪತ್ರದಲ್ಲೂ ಬರೆದು ಕಳಿಸಿದ್ದೆವಲ್ಲ ಎಂದರು. ಪತ್ರ ಎಂದ ಕೂಡಲೇ ನಾನು ಅಪ್ಪನ ಕಡೆ ತಿರುಗಿದೆ. ಅವನು ನೆಲ ನೋಡುತ್ತಿದ್ದ.

“ನಿನಗ ಗೊತ್ತಿತ್ತೇನಪ್ಪಾ?”

“ಗೊತ್ತಿತ್ತು. ಹೇಳಿದ್ರ ನೀ ಓಡೂದು ಬಿಡ್ತಿದ್ದಿ.”

ಸುಳ್ಳು ಹೇಳಿದ ಮಕ್ಕಳ ಅಂಗೈಗೆ ಛಡಿ ಬೀಸುತ್ತಿದ್ದ ಮಾಸ್ತರ ಅವನು. ಇಲ್ಲಿಗೆ ಬಂದ ಮೇಲೆ ಕೈಮುಗಿದು ಕೇಳಿದರೆ ಒಪ್ಪಿಯಾರು ಎಂದುಕೊಂಡಿದ್ದನಂತೆ. ಹಲಗೆಗಿಂತ ಈ ಮಾತು ನನ್ನನ್ನು ಹೆಚ್ಚು ನಡುಗಿಸಿತು. ಅವನ ಮುಖ ನೋಡಲಾಗದೆ ದೂರ ಹೋಗಿ ನಿಂತೆ.

ನೂರು ಗಜ ಓಡಿದೆ. ನನ್ನ ಕಾಲು ಬಿಸಿಯಾಗುವಷ್ಟರಲ್ಲಿ ಓಟವೇ ಮುಗಿದಿತ್ತು. ಕ್ಯಾನ್ವಾಸ್ ಬೂಟಿನ ಹುಡುಗಿಯರ ಹಿಂದೆ ಕೊನೆಯವಳಾಗಿ ಬಂದೆ. ಆಮೇಲೆ ಹುಡುಗರ ಮೈಲಿಯನ್ನು ಹಗ್ಗದ ಈಚೆ ಕೂತು ನೋಡಿದೆ.

ಮಧ್ಯಾಹ್ನ ಬಹುಮಾನ ಹಂಚಿ ಜನ ಕರಗಿದ ಮೇಲೆ ಅಪ್ಪ ಮತ್ತೆ ಪಂಚರ ಹತ್ತಿರ ಹೋದ. ಏನು ಹೇಳಿದನೋ ಇವತ್ತಿಗೂ ಗೊತ್ತಿಲ್ಲ. ಅವರು ಬೇಸರದಿಂದಲೇ ಗಡಿಯಾರ ಹಿಡಿದು ಬಂದರು. ಓಡಲಿ, ಆದರೆ ಬರೆದುಕೊಳ್ಳುವುದಿಲ್ಲ ಎಂದು ಮೊದಲೇ ಹೇಳಿದರು. ಒಂದು ಮೈಲಿಗೆ ನಾಲ್ಕು ಸುತ್ತು. ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು. ನಾನು ಓಡಿದ್ದು ಸಿಟ್ಟಿನಿಂದ. ಮೂರನೆಯ ಸುತ್ತಿನಲ್ಲಿ ಪಕ್ಕೆ ಹಿಡಿದರೂ ನಿಲ್ಲಲಿಲ್ಲ.

ಗೆರೆ ದಾಟಿದಾಗ ಪಂಚರು ಗಡಿಯಾರವನ್ನು ಜಾಡಿಸಿದರು, ಕಿವಿಗೆ ಹಿಡಿದರು. ಬಾಯಿ ಸ್ವಲ್ಪ ತೆರೆದೇ ಇತ್ತು.

“ಇದು ಕೆಟ್ಟಿರಬೇಕು. ಇನ್ನೊಮ್ಮೆ ಓಡ್ತೀಯೇನವಾ?”

ಸಾಕು, ಬೇಡ ಎಂದ ಅಪ್ಪ. ನಾನು ಮೊಣಕಾಲು ಹಿಡಿದು ಬಗ್ಗಿದ್ದೆ, ಉಸಿರು ಸಿಗುತ್ತಿರಲಿಲ್ಲ.

“ಓಡ್ತೇನ್ರಿ. ಗಡಿಯಾರ ಬ್ಯಾರೆ ತರ್ರಿ.”

ಅರ್ಧ ಗಂಟೆ ಬಿಟ್ಟು, ನೀರು ಕುಡಿದು ಮತ್ತೆ ಓಡಿದೆ. ಈ ಸಲ ಎರಡು ಗಡಿಯಾರ. ಮೊದಲಿಗಿಂತ ನಿಧಾನವಾಗಿತ್ತು, ಆದರೆ ಎರಡೂ ಒಂದೇ ಹೊತ್ತು ತೋರಿಸಿದವು. ಬೆಳಿಗ್ಗೆ ಓಡಿದ ಹುಡುಗರಲ್ಲಿ ನಾಲ್ಕನೆಯವನಿಗೆ ಇದಕ್ಕಿಂತ ಹೆಚ್ಚು ಹೊತ್ತು ಹಿಡಿದಿತ್ತು. ಪಂಚರು ಕುರ್ಚಿಯಲ್ಲಿ ಕೂತರು. ಹಾಳೆ ತೆಗೆದರು, ಪೆನ್ನಿನ ಟೊಪ್ಪಿಗೆ ತೆಗೆದರು, ಹಾಳೆಯ ಮೇಲಿಂದ ಕೆಳಗೆ ಬೆರಳಾಡಿಸಿದರು.

“ಬರಿಯಾಕ ಕಾಲಂ ಇಲ್ಲವ್ವಾ,” ಎಂದರು ಮೆಲ್ಲಗೆ.

ಮರುದಿನ ಊರಿಗೆ ಹೊರಟೆವು. ಪಾದ ಬಾತು ಚಪ್ಪಲಿ ಹತ್ತುತ್ತಿರಲಿಲ್ಲ. ಉಣಕಲ್ಲು ದಾಟುವವರೆಗೂ ನಾನು ಅಪ್ಪನೊಡನೆ ಮಾತಾಡಲಿಲ್ಲ. ಆಮೇಲೆ, ಮುಂದಿನ ವರ್ಷ ಹುಡುಗಿಯರಿಗೆ ಮೈಲಿ ಇಡುತ್ತಾರೆಯೇ ಎಂದು ಕೇಳಿದೆ. ಅಪ್ಪ ನನ್ನ ಕಡೆ ತಿರುಗಿದ.

“ಇಲ್ಲವ್ವಾ. ಅದರ ಮುಂದಿನ ವರ್ಷಾನೂ ಇರಲಿಕ್ಕಿಲ್ಲ.”

ಈ ಸಲ ಖರೇ ಹೇಳುತ್ತಿದ್ದಾನೆ ಎಂದು ಗೊತ್ತಾಯಿತು. ಧಾರವಾಡ ಬಂತು. ಬಸ್ಸು ನಿಂತಿತು. ಇಳಿಯಲು ಅವನು ಕೈಕೊಟ್ಟ, ಹಿಡಿದುಕೊಂಡೆ.

“ನಾಳಿ ಒಂದ ದಿನ ಕಾಲಿಗೆ ಸೂಟಿ,” ಎಂದೆ. “ನಾಡದ್ದ ಮುಂಜಾನಿ ಐದಕ್ಕ ಎಬ್ಬಸಪ್ಪಾ.”