ಅತ್ತೆಮನೆ ಮಾಡಿನ ನೀರು

"ಈ ಹೊಳೆ ನನ್ನನ್ನ ಕೇಳದೆ ಒಂದು ತೊಟ್ಟೂ ಕೆಳಗಿಳಿಸೋಲ್ಲ," ಎನ್ನುತ್ತಿದ್ದ ನಮ್ಮ ಲಾಂಡ್ರಿಯವ. ಬೀದಿಯವರು ಅವನಿಗೆ ಹೊಳೆ ಸಾಹುಕಾರ ಎಂದೇ ಹೆಸರಿಟ್ಟಿದ್ದರು. ಸಾಹುಕಾರಿಕೆಯೇನೋ ದೊಡ್ಡದು, ಹೊಳೆ ಮಾತ್ರ ಗೇಣುದ್ದ. ಗುಡ್ಡದ ಮೇಲೆ ಆಕಳಿಸಿದ ಮೀನು ಬಾಯಿ ಮುಚ್ಚುವಷ್ಟರಲ್ಲಿ ಸಮುದ್ರ ಸೇರಿ ಉಪ್ಪಾಗಿರುತ್ತಿತ್ತು. ದಾರಿಯಲ್ಲಿ ಎರಡು ತೊರೆ, ಒಂದು ಊರಚರಂಡಿ ಬಂದು ಕೂಡುತ್ತಿದ್ದವು. ಮೂರನ್ನೂ ಅವನು ಉಪನದಿಗಳೆಂದೇ ಕರೆಯುತ್ತಿದ್ದ.

ಅವನ ಅತ್ತೆಯ ಮನೆ ಗುಡ್ಡದ ನೆತ್ತಿಯಲ್ಲೇ ಇತ್ತು. ಹಂಚಿನ ಮಾಡಿನ ಮುಂದಿನ ಇಳಿಜಾರಿಗೆ ಬಿದ್ದ ಮಳೆ ಇವನ ಹೊಳೆಗೆ, ಹಿಂದಿನದಕ್ಕೆ ಬಿದ್ದದ್ದು ಆಚೆ ಕಡೆಯ ನದಿಗೆ.

ಆ ದಿನ ಹೋಟೆಲಿನ ಬೆಡ್‌ಶೀಟುಗಳೆಲ್ಲ ಹೊಳೆಯಂಚಿನ ಮರಳದಿಬ್ಬದ ಮೇಲೆ ಒಣಗುತ್ತಿದ್ದವು. ಸಂಜೆಯೊಳಗೆ ಮುಟ್ಟಿಸದಿದ್ದರೆ ಆ ಗಿರಾಕಿ ಕೈಬಿಟ್ಟು ಹೋದ ಹಾಗೆಯೇ. ಆಕಾಶ ತೊಳೆದಿಟ್ಟಂತಿತ್ತು. ಅಷ್ಟರಲ್ಲಿ ಅತ್ತೆಯ ಫೋನು.

"ಅಳಿಯಂದ್ರೇ, ಇಲ್ಲಿ ಮಳೆ ಬಾರಿಸ್ತಾ ಇದೆ. ಬೇಗ ಬಟ್ಟೆ ಎತ್ತಿಬಿಡಿ."

"ಎಲ್ಲಿಂದ ನೋಡ್ತಿದ್ದೀರಿ ಅತ್ತೆ?"

"ಅಡುಗೆಮನೆ ಕಿಟಕಿಯಿಂದ."

"ಅದು ಹಿಂದಿನ ಕಿಟಕಿ. ಆ ನೀರು ಆಚೆ ನದೀದು. ನಮಗೂ ಅದಕ್ಕೂ ಸಂಬಂಧವೇ ಇಲ್ಲ."

ಹೆಂಡತಿ ಆಗಲೇ ಮಡಚತೊಡಗಿದ್ದಳು. "ಮೋಡ ನಮ್ಮಮ್ಮನ ಮನೆ ಮಾಡು ನೋಡ್ಕೊಂಡು ನಿಲ್ಲುತ್ತೇನ್ರೀ?"

"ಸುಮ್ನಿರೇ. ಜಲಾನಯನ ಅಂದ್ರೇನು ಅಂತ ತೋರಿಸ್ತೀನಿ, ಬಾ ಇಲ್ಲಿ," ಎಂದು ಅವನು ಮರಳ ಮೇಲೆ ಬೆರಳಲ್ಲಿ ಗುಡ್ಡ ಬರೆದ, ಮನೆ ಬರೆದ. ಮಾಡಿಗೆ ಗೆರೆ ಎಳೆಯುವಷ್ಟರಲ್ಲಿ ಹೊಳೆ ಉಕ್ಕಿ ಬಂದು ನಕ್ಷೆಯೇ ಕೊಚ್ಚಿಹೋಯಿತು. ಹೆಂಡತಿ ಎತ್ತಿದ ನಾಲ್ಕು ಶೀಟು ದಕ್ಕಿದವು. ಮಿಕ್ಕವು ಬಿಳಿ ಹಾಯಿ ಬಿಚ್ಚಿಕೊಂಡು ಸಮುದ್ರದ ದಾರಿ ಹಿಡಿದವು.

ಸಾಹುಕಾರ ದಡದುದ್ದಕ್ಕೂ ಓಡಿದ. ಓಡಿದ ರಭಸಕ್ಕೆ ಹಿಂದೆ ಬಿದ್ದ ಅವನ ನೆರಳು ಮನೆ ಸೇರಿದ್ದು ಮರುದಿನವಂತೆ! ಪುಣ್ಯಕ್ಕೆ ಅಳಿವೆಯಲ್ಲಿ ಉಬ್ಬರವಿತ್ತು. ಒಳನುಗ್ಗುತ್ತಿದ್ದ ಸಮುದ್ರ ಹೊಳೆಯನ್ನೂ ಶೀಟುಗಳನ್ನೂ ಬಾಗಿಲಲ್ಲೇ ತಡೆದು ನಿಲ್ಲಿಸಿತ್ತು. ಗಂಡಹೆಂಡಿರು ಎಲ್ಲವನ್ನೂ ಎಳೆದು ತಂದು, ಮತ್ತೆ ಒಗೆದು, ಇಸ್ತ್ರಿಪೆಟ್ಟಿಗೆಯ ಕಾವಿನಲ್ಲೇ ಒಣಗಿಸಿ, ದೀಪ ಹಚ್ಚುವ ಹೊತ್ತಿಗೆ ಹೋಟೆಲಿಗೆ ಮುಟ್ಟಿಸಿದರು. ಗಿರಾಕಿ ಉಳಿದ, ಸೊಂಟ ಹೋಯಿತು.

ಮತ್ತೆ ಅತ್ತೆಯ ಫೋನು. "ಏನಳಿಯಂದ್ರೇ, ಹೊಳೆ ಇವತ್ತು ನಿಮ್ಮ ಮಾತು ಕೇಳಲಿಲ್ಲವಂತೆ?"

ಪಕ್ಕದಲ್ಲಿ ಹೆಂಡತಿ ಕಿಸಕ್ಕೆಂದಳು. ಅವನು ಅವಳತ್ತ ಒಮ್ಮೆ ನೋಡಿ, ಸೊಂಟ ನೀವಿಕೊಳ್ಳುತ್ತ ಹೇಳಿದ:

"ನಿಮ್ಮ ಮನೆಯಿಂದ ಇಳಿದು ಬಂದದ್ದು ಯಾವುದು ಅತ್ತೆ, ಇವತ್ತಿನವರೆಗೂ ನನ್ನ ಮಾತು ಕೇಳಿರೋದು?"