ಬಾಲಣ್ಣನ ಕೆಂಪು ಚಿಂದಿ

ಭಾನುವಾರ ಬೆಟ್ಟ ಹತ್ತುವ ನಮ್ಮ ಗುಂಪಿನಲ್ಲಿ ಸಾಲಿನ ಕೊನೆಗೆ ನಡೆಯುವವನು ಅವನು. ಅದಕ್ಕೇ ಬಾಲಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಅಂಗಡಿಯ ಬೋರ್ಡಿನಲ್ಲಿದೆ, ಅದನ್ನು ಓದುವ ತೊಂದರೆ ಯಾರೂ ತೆಗೆದುಕೊಂಡಿಲ್ಲ. ಅಂಗಡಿ ಎಂದರೆ ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಸಂದು. ಹೊಲಿಗೆ ಯಂತ್ರ, ಸ್ಟೂಲು, ಗೋಡೆಗೊಂದು ಉದ್ದದ ಕನ್ನಡಿ. ಹೊಸ ಬಟ್ಟೆ ಹೊಲಿಯುವುದಿಲ್ಲ. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ ಬದಲಾಯಿಸುವುದು, ಹೊಟ್ಟೆ ಬಂದವರ ಅಂಗಿ ಸಡಿಲಿಸುವುದು, ಇಷ್ಟೇ. ಗಿರಾಕಿ ಬಾಯಿ ಬಿಡುವ ಮೊದಲೇ ಸೀಮೆಸುಣ್ಣ ಹಿಡಿದು ಮಂಡಿಯೂರಿಬಿಡುತ್ತಾನೆ. ಎಲ್ಲಿ ಏನಾಗಬೇಕೆಂದು ಅವರು ಬೆರಳಿಟ್ಟು ತೋರಿಸಬೇಕು. ಕೆಲಸದಲ್ಲಿ ಎಂಥ ಶ್ರದ್ಧೆ ನೋಡಿ ಎಂದು ನಾವು ಹೊಗಳಿದ್ದೇ ಹೊಗಳಿದ್ದು. ಶ್ರದ್ಧೆಯೂ ಇಲ್ಲ, ಮಣ್ಣೂ ಇಲ್ಲ. ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಅದು ಗೊತ್ತಿದ್ದದ್ದು ಅತ್ತಿಗೆಗೆ, ಅಂದರೆ ಅವನ ಹೆಂಡತಿಗೆ ಮಾತ್ರ. ನಮಗೆ ಗೊತ್ತಾದರೆ ಬಾಲದ ಕೆಲಸ ಹೋಗುತ್ತದೆ ಎನ್ನುವುದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು. ವಾರವಿಡೀ ಮೆಟ್ಟಿಲ ಕೆಳಗೆ ಬೆನ್ನು ಬಗ್ಗಿಸಿ ಕೂರುವವನಿಗೆ ಬೇಕೆನಿಸಿದ್ದು ಅದೊಂದೇ.

ನಾನು ಸೈಕಲ್ ರಿಪೇರಿಯವನು. ಮಚ್ಚು ಹಿಡಿದು ಮುಂದೆ ನಡೆಯುವುದು ನನ್ನ ಪಾಲಿಗೆ ಬಂದಿದೆ. ನಾವು ಹೋಗುವ ಬೆಟ್ಟಗಳ ಏಣು, ಅಂದರೆ ನೆತ್ತಿಯುದ್ದಕ್ಕೂ ಹೋಗುವ ಅಂಚು, ಕಾಂಪೌಂಡ್ ಗೋಡೆಗಿಂತ ತುಸು ಅಗಲ, ಅಷ್ಟೇ. ಎರಡೂ ಕಡೆ ಪಾತಾಳ, ಆದರೆ ಕಣ್ಣಿಗೆ ಬೀಳುವುದಿಲ್ಲ. ಜರಿಗಿಡ, ಮುಳ್ಳುಬಳ್ಳಿ, ವಾಟೆಬಿದಿರು ತಲೆಯುದ್ದ ಮುಚ್ಚಿಕೊಂಡಿರುತ್ತವೆ. ಹೋದ ತಿಂಗಳು ಕಡಿದ ದಾರಿ ಈ ತಿಂಗಳು ಇರುವುದಿಲ್ಲ. ಮುಂದಿನವರ ಬೆನ್ನು ಬಿಟ್ಟರೆ ಏನೂ ಕಾಣದು. ಹಾಗಾಗಿ ನಮ್ಮದೆಲ್ಲ ಕೂಗಿನ ವ್ಯವಹಾರ. ನಾನು ಮುಂದಿನಿಂದ ‘ಓ’ ಎಂದರೆ ಅದು ಬಾಯಿಂದ ಬಾಯಿಗೆ ಹಿಂದಕ್ಕೆ ಹೋಗಬೇಕು, ಬಾಲ ಓಗೊಟ್ಟಿದ್ದು ಹಾಗೆಯೇ ಮುಂದಕ್ಕೆ ಬರಬೇಕು.

ಇನ್ನೂ ಕೆಲವು ಕಟ್ಟುಪಾಡುಗಳಿವೆ. ಕವಲು ಬಂದ ಕಡೆ ನಾನು ಕೆಂಪು ಚಿಂದಿ ಕಟ್ಟುತ್ತೇನೆ. ಬಾಲಣ್ಣ ಅದನ್ನು ಬಿಚ್ಚಿ ಜೇಬಿಗಿಳಿಸುತ್ತಾ ಬರುತ್ತಾನೆ, ಕಾಡಿನಲ್ಲಿ ನಮ್ಮ ಕಸ ಉಳಿಯಬಾರದೆಂದು. ಚಿಂದಿ ಅವನ ಅಂಗಡಿಯದೇ, ಕೋಟಿನ ಒಳಬಟ್ಟೆಯ ಚೂರು. ಪಕ್ಕಕ್ಕೆ ಹೋಗಬೇಕಾದವರು ಚೀಲವನ್ನು ದಾರಿಯ ಮೇಲೆ ಬಿಟ್ಟು ಹೋಗಬೇಕು. ಆ ಚೀಲ ದಾಟಿ ಬಾಲ ಮುಂದೆ ಬರಬಾರದು. ದಾರಿ ತಪ್ಪಿದವರು ಇದ್ದಲ್ಲೇ ಕೂರಬೇಕು. ಬೆಳಿಗ್ಗೆ ಬಸ್ಸಿಳಿದ ಕೂಡಲೇ ಇದನ್ನೆಲ್ಲ ನಾನು ಒದರುತ್ತೇನೆ. ಹಳಬರು ಆಕಳಿಸುತ್ತಾರೆ.

ಬಾಲಣ್ಣ ಇಷ್ಟು ದಿನ ಹೇಗೆ ಸಂಭಾಳಿಸಿದ ಎಂದರೆ, ಅವನ ಮುಂದೆ ಯಾವಾಗಲೂ ಡ್ರಾಯಿಂಗ್ ಮೇಷ್ಟ್ರು ಇರುತ್ತಿದ್ದರು. ಮೇಷ್ಟ್ರು ಕತ್ತು ತಿರುಗಿಸಿ ಬಾಯಿ ತೆರೆದರೆ ಇವನೂ ‘ಓ’ ಎನ್ನುತ್ತಿದ್ದ. ಉಳಿದ ಮಾತಿಗೆಲ್ಲ ಕೋಲೆಬಸವನ ಹಾಗೆ ತಲೆಯಾಡಿಸುತ್ತಿದ್ದ. ಇಂಥವನಷ್ಟು ಒಳ್ಳೆಯ ಕೇಳುಗ ಊರಲ್ಲಿಲ್ಲ ಎಂದು ಮೇಷ್ಟ್ರು ತಮ್ಮ ಮನೆಯ ಕಷ್ಟವೆಲ್ಲ ಅವನ ಮುಂದೆ ತೋಡಿಕೊಂಡಿದ್ದಾರೆ, ಪಾಪ.

ಅತ್ತಿಗೆ ಆಸ್ಪತ್ರೆಯಲ್ಲಿ ರೋಗಿಗಳ ಸರದಿ ಕೂಗುವವರು. ಅಲ್ಲಿ ಮೈಕಿದೆ, ಅವರು ಮುಟ್ಟುವುದಿಲ್ಲ. ಕೂತಲ್ಲಿಂದ ಕೂಗಿದರೆ ಹೊರಗೆ ಗೇಟಿನ ಹತ್ತಿರ ಬೀಡಿ ಸೇದುತ್ತಿರುವವನೂ ಎದ್ದು ಬರುತ್ತಾನೆ. ಊರಿಗೆಲ್ಲ ಕೇಳಿಸುವ ದನಿ ಮನೆಯಲ್ಲಿ ಒಬ್ಬನಿಗೆ ಕೇಳಿಸದು. ಮಳೆಗಾಲದಲ್ಲಿ ಒಂದು ದಿನ ಹಿಂದಿನಿಂದ ಲಾರಿ ಅಷ್ಟು ಹಾರ್ನ್ ಹೊಡೆದರೂ ಬಾಲಣ್ಣ ತಿರುಗಲಿಲ್ಲವಂತೆ, ಅತ್ತಿಗೆ ಕಾಲರ್ ಹಿಡಿದು ಎಳೆದುಕೊಂಡರಂತೆ. ಅವತ್ತಿನಿಂದ ಮನೆಯಲ್ಲಿ ಇದೇ ಜಗಳ. ಬಾಲ ಬಿಡಿ ಎಂದು ಅವರು, ಸತ್ತರೂ ಬಿಡೆ ಎಂದು ಇವನು. ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಅತ್ತಿಗೆ ಒಂದು ಭಾನುವಾರ ತಾವೂ ಬಂದು ಅವನ ಮುಂದೆಯೇ ನಡೆಯುವುದು. ಅವನು ನಿಭಾಯಿಸಿದರೆ ಮತ್ತೆ ಆ ಮಾತೆತ್ತುವುದಿಲ್ಲ. ಇಲ್ಲವಾದರೆ ಅಲ್ಲೇ ನಮಗೆಲ್ಲ ಹೇಳಿಬಿಡುವುದು.

ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಅವತ್ತು ಅತ್ತಿಗೆ ಬಂದದ್ದು ನೋಡಿ, ಏನು, ಗಂಡನ ಮೇಲೆ ಕಾವಲೋ ಎಂದು ತಮಾಷೆ ಮಾಡಿದೆ. ಅವರು ನಗಲಿಲ್ಲ.

ಮಧ್ಯಾಹ್ನಕ್ಕೆ ಮುಂಚೆ ಒಂದು ಕೆಸರಿನ ಗೋಡೆ ಬರುತ್ತದೆ. ಅಲ್ಲಿ ಹಗ್ಗ ಬಿಡದೆ ಗತಿಯಿಲ್ಲ. ನಾನು ಮೊದಲು ಬೇರು ಹಿಡಿದು ಹತ್ತಿ ಹಗ್ಗ ಇಳಿಬಿಡುತ್ತೇನೆ. ಎಲ್ಲರೂ ಚೀಲಗಳನ್ನು ಬುಡದಲ್ಲಿ ರಾಶಿ ಹಾಕಿ ಬರಿಗೈಯಲ್ಲಿ ಒಬ್ಬೊಬ್ಬರಾಗಿ ಹತ್ತುತ್ತಾರೆ. ಬಾಲಣ್ಣ ಚೀಲಗಳನ್ನು ಇನ್ನೊಂದು ಹಗ್ಗಕ್ಕೆ ಕಟ್ಟಿ ಮೇಲೆ ಕಳಿಸಿ, ಕೊನೆಗೆ ತಾನು ಹತ್ತಿ, ಹಗ್ಗ ಎಳೆದುಕೊಂಡು ಸುತ್ತುತ್ತಾನೆ. ಬೆಳಿಗ್ಗೆ ಒದರುವಾಗ ಈ ಹಗ್ಗದ ವಿಷಯ ನಾನು ಹೇಳುವುದಿಲ್ಲ. ಹಳಬರಿಗೆ ಗೊತ್ತೇ ಇದೆ.

ಅತ್ತಿಗೆ ಹೊಸಬರು. ತಮ್ಮ ಸರದಿಗೆ ಇನ್ನೂ ಹೊತ್ತಿದೆ ಎಂದು ಪಕ್ಕಕ್ಕೆ ಹೋಗಿಬರಲು ಹೊರಟರು. ನಿಯಮದ ಪ್ರಕಾರ ಚೀಲವನ್ನು ದಾರಿಯ ಮೇಲೆ ಇಟ್ಟರು, ಅಂದರೆ ಆ ರಾಶಿಯ ಜೊತೆಗೇ. ಹೋಗಿಬರುತ್ತೇನೆ ಎಂದು ಗಂಡನಿಗೂ ಹೇಳಿದರು. ಅವನು ಬಗ್ಗಿ ಗಂಟು ಹಾಕುತ್ತಿದ್ದವನು ತಲೆಯಾಡಿಸಿದ. ಸದ್ಯ, ಕೇಳಿಸಿತಲ್ಲ ಎಂದು ಅತ್ತಿಗೆಗೆ ಸಮಾಧಾನವಾಯಿತಂತೆ.

ಬಾಲಣ್ಣ ಸೊಂಟ ನೆಟ್ಟಗೆ ಮಾಡುವಾಗ ಮೇಷ್ಟರ ಬೂಟು ಮಾತ್ರ ಮೇಲೆ ಕಾಣುತ್ತಿತ್ತು. ಹೆಂಡತಿ ಹೇಳಿದ್ದು ಹತ್ತುತ್ತೇನೆ ಎಂದೇ ಇರಬೇಕು, ಅವರಿಗಿಂತ ಮೊದಲೇ ಹತ್ತಿದ್ದಾಳೆ ಎಂದುಕೊಂಡ. ಉಳಿದಿದ್ದ ಒಂದು ಚೀಲವನ್ನೂ ಕಟ್ಟಿ ಕಳಿಸಿದ. ಅವಳಿಗೆಂದು ಅವನೇ ಹೊಲಿದುಕೊಟ್ಟ ಚೀಲ ಅದು. ಬುಡದ ಕೊಂಬೆಯ ಚಿಂದಿ ಬಿಚ್ಚಿದ, ಹತ್ತಿದ, ಹಗ್ಗ ಎಳೆದುಕೊಂಡ. ಅದನ್ನು ಸುತ್ತಿ ಮುಗಿಸುವಷ್ಟರಲ್ಲಿ ನಾವೆಲ್ಲ ಏಣಿನ ಆಚೆ ಮಗ್ಗುಲಿಗೆ ಹೊರಳಿದ್ದೆವು, ಗಾಳಿಯಲ್ಲಿ ಬುಡದ ಕೂಗು ಅಲ್ಲಿಗೆ ಮುಟ್ಟದು.

ಊಟಕ್ಕೆ ನಾವು ನಿಲ್ಲುವುದು ಏಣಿನ ಆಚೆ ಮಗ್ಗುಲಲ್ಲಿ, ಗಾಳಿ ಕಡಿಮೆ ಇರುವ ಒಂದು ಬಂಡೆಯ ಹತ್ತಿರ. ದಾರಿಯುದ್ದಕ್ಕೂ ನಾನು ಕೂಗಿದಾಗೆಲ್ಲ ಬಾಲದಿಂದ ‘ಓ’ ಸರಿಯಾಗಿಯೇ ಬಂದಿತ್ತು. ಬ್ರೆಡ್ಡು, ಮೊಟ್ಟೆ ಬಿಚ್ಚುವ ಹೊತ್ತಿಗೆ ಮೇಷ್ಟ್ರು ಒಂದು ಚೀಲ ಎತ್ತಿ, ಇದು ಹಗ್ಗದ ತಲೆಯಲ್ಲೇ ಇತ್ತು, ಅತ್ತಿಗೆಗೆ ಸುಸ್ತಾಗಿದೆಯೇನೋ ಎಂದು ನಾನೇ ಎದೆಗೆ ತಗುಲಿಸಿಕೊಂಡು ತಂದೆ, ಅವರೆಲ್ಲಿ ಎಂದು ಕೇಳಿದರು. ಬಾಲಣ್ಣ ಅವರ ಬಾಯಿ ನೋಡಿದ, ಚೀಲ ನೋಡಿದ. ಹಗ್ಗ ಹೆಗಲಿಗೇರಿಸಿ ಬಂದ ದಾರಿಗೆ ತಿರುಗಿದ. ಉಳಿದವರಿಗೆ ಅಲ್ಲಾಡಬೇಡಿ ಎಂದು ಹೇಳಿ ನಾನೂ ಹಿಂದೆ ಓಡಿದೆ.

ಓಡಿದೆ ಎಂದರೆ ಮಾತಿಗೆ. ಆ ಏಣಿನಲ್ಲಿ ಓಡಲು ಬರುವುದಿಲ್ಲ. ಜಾರು ಬೇರು, ಮುಖಕ್ಕೆ ಬಡಿಯುವ ಬಿದಿರು. ನಿಧಾನ ಕಣೋ ಎಂದು ನಾನು ಬೈದದ್ದೆಲ್ಲ ಗಾಳಿಗೆ ಹೋಯಿತು. ಅವನು ತಿರುಗಿಯೂ ನೋಡಲಿಲ್ಲ. ಸಿಟ್ಟು ಬಂತು. ಹೆಂಡತಿಯ ಚಿಂತೆಯಲ್ಲಿದ್ದಾನೆ ಎಂದು ನುಂಗಿಕೊಂಡೆ.

ಗೋಡೆಯ ತಲೆಯಿಂದ ಬಗ್ಗಿ ನೋಡಿದರೆ ಅತ್ತಿಗೆ ಬುಡದಲ್ಲೇ ಒಂದು ಬೇರಿನ ಮೇಲೆ ಕೂತಿದ್ದರು. ಸೀರೆಪಿನ್ನಿನಿಂದ ಕಾಲಿನ ಜಿಗಣೆ ಕೀಳುತ್ತಿದ್ದರು. ಅಂಗೈಯೆಲ್ಲ ಕೆಸರು, ಹತ್ತಲು ನೋಡಿ ಜಾರಿದ್ದು ಗೋಡೆಯ ಮೇಲೆ ಕಾಣುತ್ತಿತ್ತು. ನಮ್ಮನ್ನು ಕಂಡು ಕೈಯೆತ್ತಿದರು. ನಾವು ಹಗ್ಗ ಬಿಟ್ಟು ಇಳಿದೆವು. ಜೀವ ಬಂದ ಹಾಗಾಯಿತು, ಹಾಗಾದ ಕೂಡಲೇ ನನ್ನ ಬಾಯಿ ಸುಮ್ಮನಿರಲಿಲ್ಲ.

“ಅಲ್ಲ ಅತ್ತಿಗೆ, ಅಷ್ಟು ದೊಡ್ಡ ದನಿ ಇಟ್ಕೊಂಡು ಒಂದ್ಸಲ ಕೂಗ್ಬಾರ್ದಾ? ನಾವು ಆಚೆ ಮಗ್ಗುಲಿಗೆ ಹೋದ್ಮೇಲೂ ಇವನು ಹತ್ರಾನೇ ಇದ್ನಲ್ಲ.”

ಅತ್ತಿಗೆ ಗಂಡನ ಕಡೆ ನೋಡಿದರು. ಅವನು ಅವರ ತುಟಿಯನ್ನೇ ನೋಡುತ್ತಿದ್ದ.

“ನಾನು ಕೂಗ್ಲೇ ಇಲ್ಲ. ತಪ್ಪಿಸ್ಕೊಂಡವ್ರು ಸುಮ್ನೆ ಕೂರ್ಬೇಕು ಅಂತ ನೀವೇ ಹೇಳಿದ್ರಲ್ಲ” ಎಂದರು.

ದನಿ ಎಂದು ಕರೆಯುವಂಥದ್ದು ಅದರಲ್ಲಿ ಏನೂ ಉಳಿದಿರಲಿಲ್ಲ. ತುಕ್ಕು ಹಿಡಿದ ಚೈನು ಎಳೆದ ಹಾಗೆ ಗಂಟಲಿಂದ ಬರೀ ಕರಕರ ಬಂತು, ನಡುವೆ ಅದೂ ನಿಂತು ಹೋಯಿತು. ಕೂಗಲಿಲ್ಲ ಎನ್ನುವುದನ್ನು ತುಟಿಯಲ್ಲಿ ಓದಿಕೊಂಡ ಬಾಲಣ್ಣನ ಭುಜ ಸಡಿಲಾಯಿತು. ಆಗ ನನಗೆ ಎಲ್ಲ ಗೊತ್ತಾಯಿತು. ಅದು ನನ್ನ ಮುಖದ ಮೇಲೂ ಬಂದಿರಬೇಕು, ಅವನು ನನ್ನ ಕಡೆ ತಿರುಗಿದ.

“ನೀನು ಹೇಳು” ಎಂದ. “ಇವಳ ದನಿ ಹೇಗಿದೆ?”

ಅವನ ಬೆನ್ನ ಹಿಂದಿನಿಂದ ಅತ್ತಿಗೆ ಬೇಡ ಬೇಡ ಎಂದು ತಲೆಯಾಡಿಸಿದರು. ಕಣ್ಣಲ್ಲಿ ನೀರಿತ್ತು. ನನ್ನ ಬಾಯಿಗೆ ಬೀಗವಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ಅವತ್ತು ಒಂದು ಬೀಗ ಇದ್ದಿದ್ದರೆ ಚೆನ್ನಾಗಿತ್ತು. ಆದರೆ ಮುಂದಿನ ವಾರವೂ ಜನ ಇವನನ್ನು ನಂಬಿ ಚೀಲ ಇಟ್ಟು ಪಕ್ಕಕ್ಕೆ ಹೋಗುತ್ತಾರೆ.

“ಒಡೆದು ಹೋಗಿದೆ ಕಣೋ” ಎಂದೆ, ಅವನಿಗೆ ಕಾಣುವ ಹಾಗೆ, ನಿಧಾನವಾಗಿ. “ಗಂಟಲು ಹರಿಯೋ ತನಕ ಕೂಗಿದಾರೆ.”

ಅವನು ತಲೆಯಾಡಿಸಿದ. ಜೇಬಿಗೆ ಕೈಹಾಕಿ ಚಿಂದಿಯ ಮುದ್ದೆ ತೆಗೆದು ನನ್ನ ಅಂಗೈಗೆ ಇಟ್ಟ. ಅತ್ತಿಗೆ ನನ್ನನ್ನು ಬೈದರು, ಎಲ್ಲ ಹಾಳು ಮಾಡಿಬಿಟ್ಟಿರಿ ಎಂದು. ಅದೂ ಕರಕರ ಎಂದಷ್ಟೇ ಕೇಳಿಸಿತು.

ಗೋಡೆ ಮತ್ತೆ ಹತ್ತಿ ಉಳಿದವರನ್ನು ಸೇರಿಕೊಂಡೆವು. ಇಳಿಯುವಾಗ ಮೇಷ್ಟ್ರು ಮುಂದೆ ನಡೆದು ಚಿಂದಿ ಕಟ್ಟಿದರು, ನಾನು ಬಾಲವಾದೆ. ನನ್ನ ಮುಂದೆ ಬಾಲಣ್ಣ, ಅವನ ಮುಂದೆ ಅತ್ತಿಗೆ. ಪ್ರತಿ ಚಿಂದಿ ಬಂದಾಗಲೂ ಅವನ ಕೈ ತಾನಾಗಿ ಮೇಲೆ ಹೋಗುತ್ತಿತ್ತು, ನೆನಪಾಗಿ ಕೆಳಗಿಳಿಯುತ್ತಿತ್ತು. ರಸ್ತೆ ಕಾಣುವ ಕಡೆ ಕೊನೆಯ ಚಿಂದಿ. ನಾನು ಅವನ ಭುಜ ಮುಟ್ಟಿ, ಇದನ್ನು ನೀನೇ ಬಿಚ್ಚು ಎಂದು ಸನ್ನೆ ಮಾಡಿದೆ. ಹಿಂದೆ ಯಾರೂ ಇಲ್ಲ ಎಂದೂ ಕೈಯಾಡಿಸಿದೆ. ಅವನು ಒಪ್ಪಲಿಲ್ಲ. ನನ್ನನ್ನು ದಾಟಿ, ಜರಿಗಿಡ ಸರಿಸಿಕೊಂಡು ಹಿಂದಕ್ಕೆ ಹೋಗಿ, ಮೇಲಿನ ತಿರುವಿನವರೆಗೂ ನೋಡಿಕೊಂಡು ಬಂದ. ಆಮೇಲೆ ಬಿಚ್ಚಿದ.