ಹಿಡಿಕೆ ಹಿಡಿದ ಹಜರಾಬೀ

ಸಗರದ ಹಜರಾಬೀಯ ಹಿಟ್ಟಿನ ಗಿರಣಿಗೆ ಹೋದವರು ಮೊದಲು ಕಲಿಯುವುದು ಬಾಯಿ ಮುಚ್ಚಿಕೊಂಡು ನಿಲ್ಲುವುದನ್ನು. ಕಲ್ಲಿನಲ್ಲಿ ಒಂದು ಕಾಳೂ ಇಲ್ಲವೆಂದು ನೋಡಿಯೇ ಆಕೆ ಸ್ಟಾರ್ಟರಿನ ಹಿಡಿಕೆಯನ್ನು ಮೊದಲ ಹಂತವಾದ ಸ್ಟಾರ್ ಕಡೆಗೆ ದೂಡುತ್ತಾಳೆ. ಮೋಟರಿನ ಸದ್ದು ಏರಿ ಏರಿ ಒಂದೇ ಸಮ ಆಗುವ ತನಕ ಕಿವಿಗೊಟ್ಟು ಕಾಯುತ್ತಾಳೆ. ಆಮೇಲೆ ಹಿಡಿಕೆ ಪೂರ್ತಿ ಕರೆಂಟಿನ ಡೆಲ್ಟಾಕ್ಕೆ, ಆಮೇಲೆ ಜೋಳ. ಒಮ್ಮೆಲೇ ಪೂರ್ತಿ ಕರೆಂಟು ಕೊಟ್ಟರೆ ಮೋಟರು ಓಣಿಯ ದೀಪವನ್ನೆಲ್ಲ ಮಂಕು ಮಾಡಿ ಫ್ಯೂಜು ಸುಡುತ್ತದೆ. ಸ್ಟಾರ್‌ನಲ್ಲಿ ಎಬ್ಬಿಸಿದರೆ ಆ ಕಾಟವಿಲ್ಲ, ಆದರೆ ತಿರುಗಿಸುವ ಬಲ ಮೂರರಲ್ಲೊಂದು ಪಾಲು ಮಾತ್ರ. ವೋಲ್ಟೇಜು ಬಿದ್ದರೆ ಅದೂ ಕುಸಿಯುತ್ತದೆ. ಅಷ್ಟಕ್ಕೆ ಬರಿಗಲ್ಲು ತಿರುಗೀತು, ಕಾಳು ತುಂಬಿದ ಕಲ್ಲು ಅಲುಗದು.

ಇದು ಆಕೆಯ ಗಂಡ ಮಸ್ತಾನಸಾಬನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಕಾಯುವುದು ಮಾತ್ರ ಅವನ ಜಾಯಮಾನವಲ್ಲ. ನಡುವೆ ಕರೆಂಟು ಹೋಗಿ ಬಂದರೆ ಕಲ್ಲು ಬಿಚ್ಚಿ ಕಾಳು ತೆಗೆಯಲು ಬೇಸರ. ಗುಂಯ್‌ಗುಡುತ್ತ ನಿಂತ ಮೋಟರನ್ನು, ಅದರಿಂದ ಕಲ್ಲಿಗೆ ಹೋಗುವ ಪಟ್ಟಾವನ್ನು ಕೈಯಿಂದ ಜಗ್ಗಿ ಎಬ್ಬಿಸುತ್ತಿದ್ದ. ಹೋದ ವರ್ಷ ಹಾಗೆ ಜಗ್ಗುವಾಗ ಮೋಟರು ಥಟ್ಟನೆ ಎದ್ದಿತು. ಬಲಗೈಯ ಬೆರಳುಗಳು ಪಟ್ಟಾದ ಜೊತೆ ಗಾಲಿಗೆ ಸಿಕ್ಕಿ ತುಂಡಾಗಿ ಹೋದವು. ಅಂದಿನಿಂದ ಹಿಡಿಕೆ ಹಜರಾಬೀಯದು, ಅವನದು ಬಾಗಿಲ ಕಟ್ಟೆ. ಕೂತು ತಿನ್ನುವ ಗಂಡಸು ಎಂದು ಯಾರೂ ಅನ್ನಲಿಲ್ಲ. ಅವನೇ ಅಂದುಕೊಂಡ, ಅದು ಇನ್ನೂ ಕೆಟ್ಟದ್ದು.

ಮೊನ್ನೆ ಅದೇ ಓಣಿಯ ಅಯ್ಯಮ್ಮ ಮಗಳ ಮದುವೆಯ ಜೋಳ ತಂದಿದ್ದಳು. ಅರ್ಧ ಬೀಸುವಷ್ಟರಲ್ಲಿ ಕರೆಂಟು ಹೋಯಿತು. ಬಂದಾಗ ವೋಲ್ಟೇಜಿನಲ್ಲಿ ಜೀವವಿರಲಿಲ್ಲ. ಹಜರಾಬೀ ಕಲ್ಲು ಬಿಚ್ಚಲು ಹೊರಟಳು.

“ಲಗೂ ಮಾಡವ್ವ, ರೊಟ್ಟಿ ಬಡಿಯವ್ರು ಕುಂತಾರ,” ಎಂದಳು ಅಯ್ಯಮ್ಮ.

ಮಸ್ತಾನಸಾಬ ಕಟ್ಟೆಯಿಂದೆದ್ದು ಬಂದು ಎಡಗೈಯನ್ನು ಪಟ್ಟಾದ ಮೇಲಿಟ್ಟ. “ನೀ ಹಿಡಿಕಿ ದೂಡು, ನಾ ಜಗ್ಗತೇನಿ.”

ಹಜರಾಬೀ ಮೇನ್ ಸ್ವಿಚ್ಚು ಇಳಿಸಿ, ಫ್ಯೂಜು ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. “ಕೈ ತೆಗೀರಿ.”

“ಗಿರಾಕಿ ಹೋಗ್ತಾರ.”

“ಹೋಗ್ಲಿ. ಉಳಿದದ್ದು ಒಂದ ಕೈ.”

“ಹಂಗಾದ್ರ ನಾ ಯಾಕ ಅದೀನಿ ಇಲ್ಲಿ?”

ಅಯ್ಯಮ್ಮ ನೆಲ ನೋಡಿದಳು. ಹಜರಾಬೀ ಕಲ್ಲು ಬಿಚ್ಚಿ ಕಾಳನ್ನೆಲ್ಲ ಗೋರಿ ತೆಗೆದಳು. ಅಯ್ಯಮ್ಮನೂ ಕೈ ಹಾಕಿದಳು. ಕಲ್ಲು ಜೋಡಿಸಿ, ಫ್ಯೂಜು ಹಾಕಿ, ಮೇನ್ ಏರಿಸಿದ ಮೇಲೆ ಹಜರಾಬೀ ಗಂಡನ ಕಡೆ ತಿರುಗಿದಳು.

“ಬರ್ರಿ. ಹಿಡಿಕಿ ಎಡಗೈಲೆ ದೂಡಾಕ ಬರ್ತದ.”

ಅವನು ದೂಡಿದ. ಮೋಟರು ನರಳುತ್ತ, ತಡವರಿಸುತ್ತ ಏರಿತು. ಜೀವಮಾನದಲ್ಲಿ ಕಾಯದವನು ಕಾಯುತ್ತ ನಿಂತ. ಸದ್ದು ಸಮವಾಯಿತು, ಅವನ ಕೈ ಮಾತ್ರ ಹಿಡಿಕೆಯನ್ನು ಡೆಲ್ಟಾಕ್ಕೆ ಒಯ್ಯಲೊಲ್ಲದು. ಹೆದರಿದ್ದ. ಹಜರಾಬೀ ಜೋಳದ ಬುಟ್ಟಿ ಎತ್ತಿ ಹಿಡಿದು ಕಾದಳು.

ಕೊನೆಗೆ ತಾನಾಗಿಯೇ ಡೆಲ್ಟಾಕ್ಕೆ ಎಳೆದ. ಕಲ್ಲು ಪೂರ್ತಿ ವೇಗಕ್ಕೆ ಬಂದಾಗ ಅವನು ಅಳುತ್ತಿದ್ದ. ಹಜರಾಬೀ ನೋಡಿದಳು, ನೋಡದವಳಂತೆ ಜೋಳ ಸುರಿಯತೊಡಗಿದಳು.